ಶೆಡ್ಡಿನ ಬೆಳಕಿನ ಲೆಕ್ಕ

1898ರ ಪ್ಲೇಗಿನ ನಂತರ ಬೆಂಗಳೂರಿನಲ್ಲಿ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಉಳಿದಿರುವ ಕೆಲವು ಹಳೆಯ ಮನೆಗಳಿಗೆ ಹಿತ್ತಲಿನ ಶೆಡ್ಡೇ ಮರಗೆಲಸ, ರಿಪೇರಿಗಳ ಕಾರ್ಯಾಗಾರ. ಅಲ್ಲಿನ ಟ್ಯೂಬ್‌ಲೈಟ್ ಕಿತ್ತು ಎಲ್‌ಇಡಿ ಹಾಕಿಸಿ ಎನ್ನುವವರು ಮೊದಲು ತೋರಿಸುವುದು ಕರೆಂಟ್ ಬಿಲ್ಲನ್ನು. ಲೆಕ್ಕ ಹಾಕಿದರೆ ಆ ವಾದ ನಿಲ್ಲುವುದಿಲ್ಲ. 40 ವ್ಯಾಟಿನ ಹಳೆಯ ಟ್ಯೂಬು ತಾಮ್ರದ ಚೋಕಿನ ನಷ್ಟವೂ ಸೇರಿ ಸುಮಾರು 50 ವ್ಯಾಟ್ ಎಳೆಯುತ್ತದೆ, ಎಲ್‌ಇಡಿ 20. ಭಾನುವಾರ ಮಾತ್ರ ಮೂರು ಗಂಟೆ ದುಡಿಯುವವರಿಗೆ ತಿಂಗಳಿಗೆ ಉಳಿಯುವುದು ಅರ್ಧ ಯೂನಿಟ್ಟಿಗೂ ಕಡಿಮೆ. ಲಾಭವಿರುವುದು ಕಣ್ಣಿಗೆ, ಬೆರಳಿಗೆ. ಚೋಕಿನ ಟ್ಯೂಬು ಸೆಕೆಂಡಿಗೆ 100 ಸಲ ಮಿನುಗುವುದರಿಂದ ತಿರುಗುತ್ತಿರುವ ಲೇತ್ ಕೆಲವು ವೇಗಗಳಲ್ಲಿ ನಿಂತಂತೆಯೇ ಕಾಣಬಹುದು. ಅಗ್ಗದ ಎಲ್‌ಇಡಿಯೂ ಮಿನುಗುತ್ತದಲ್ಲ ಎಂಬ ಆಕ್ಷೇಪ ಸರಿಯೇ, ಅದಕ್ಕೇ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕೊಳ್ಳುವಾಗ ವ್ಯಾಟಿನ ಜೊತೆಗೆ ಮಿನುಗನ್ನು ನಿರ್ಧರಿಸುವ ಒಳಗಿನ ಡ್ರೈವರ್ ಎಂಥದ್ದು, ಬಣ್ಣ ಇದ್ದಂತೆ ತೋರಿಸುವ ಅಳತೆಯಾದ ಸಿಆರ್‌ಐ 90ರ ಹತ್ತಿರವಿದೆಯೇ ಎಂದೂ ಕೇಳಬೇಕು. ಅದು ಕಡಿಮೆಯಾದರೆ ತೇಗಕ್ಕೆ ಹಚ್ಚಿದ ಪಾಲಿಶ್ ಶೆಡ್ಡಿನಲ್ಲೊಂದು ಬಣ್ಣ, ಅಂಗಳದಲ್ಲೊಂದು ಬಣ್ಣ. ಚೆನ್ನಾಗಿ ಉರಿಯುವ ಟ್ಯೂಬನ್ನೇಕೆ ಬಿಸಾಡಬೇಕು ಎಂದರೆ, ತಿರುಗುವ ಯಂತ್ರವಿಲ್ಲದವರು ಬಿಸಾಡಬೇಕಿಲ್ಲ. ಆದರೆ ಯಾವ ಜಾತಿಯದಾದರೂ, ಚಾವಣಿಯ ನಡುವಿನ ದೀಪ ಎಷ್ಟೇ ಪ್ರಖರವಾಗಿದ್ದರೂ, ಗೋಡೆಗೆ ಆನಿಸಿದ ಬೆಂಚಿನ ಮುಂದೆ ನಿಂತವರ ಬೆನ್ನ ಹಿಂದಿನಿಂದ ಬಿದ್ದು, ಪೆನ್ಸಿಲಿನ ಗೀಟಿನ ಮೇಲೆ ಅವರದೇ ತಲೆಯ ನೆರಳು ಚೆಲ್ಲುತ್ತದೆ. ಬೆಂಚಿನ ನೇರ ಮೇಲೆ, ಕೆಲಸಗಾರನ ಎದುರಿಗೆ ಒಂದು ಒಳ್ಳೆಯ ಎಲ್‌ಇಡಿ ಪಟ್ಟಿ ಕೂರಿಸಿದರೆ ಅರ್ಧ ತೊಂದರೆ ಕಳೆಯಿತು. ದೀಪದ ಜಾತಿ ಬದಲಿಸುವ ಮುಂಚೆ ದೀಪದ ಜಾಗ ಬದಲಿಸುವುದೇ ಜಾಣತನ.