ಪದವಿ ತರಗತಿಯಲ್ಲಿ ಅರ್ಥಶಾಸ್ತ್ರದ ಅಧ್ಯಯನ

ಪ್ರತಿವರ್ಷವೂ ಪದವಿಪೂರ್ವ ಪರೀಕ್ಷೆಯ ಫಲಿತಾಂಶವು ಪ್ರಕಟವಾದೊಡನೆ ನಮ್ಮ ತರುಣರ ಮುಂದೆಯೂ ಅವರ ತಂದೆತಾಯಿಗಳ ಮುಂದೆಯೂ ‘ಮುಂದೇನು?’ ಎಂಬ ಪ್ರಶ್ನೆಯು ಬಂದು ನಿಲ್ಲುತ್ತದೆ. ವೈದ್ಯಕೀಯ, ತಾಂತ್ರಿಕ ಶಿಕ್ಷಣಗಳಿಗೆ ಪ್ರವೇಶ ದೊರೆತವರು ಧನ್ಯರೆಂದೂ, ಉಳಿದವರು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ಗುಂಪನ್ನು ಹಿಡಿದು ಹೇಗೋ ಮೂರು ವರ್ಷಗಳನ್ನು ಕಳೆಯತಕ್ಕವರೆಂದೂ ಭಾವಿಸುವ ರೂಢಿ ಬೆಳೆದಿದೆ. ಈ ರೂಢಿಯಿಂದ ಅರ್ಥಶಾಸ್ತ್ರಕ್ಕೆ ಆಗಿರುವ ಅನ್ಯಾಯವು ಸಣ್ಣದಲ್ಲ. ವಿದ್ಯಾರ್ಥಿಗೆ ಆಗಿರುವ ಅನ್ಯಾಯವು ಅದಕ್ಕಿಂತ ದೊಡ್ಡದು. ಕನ್ನಡ ಪಂಡಿತನಿಗೆ ಅರ್ಥಶಾಸ್ತ್ರದ ಗೊಡವೆ ಏತಕ್ಕೆಂದು ಕೆಲವರು ಕೇಳಬಹುದು. ಮಕ್ಕಳು ಯಾವ ಶಾಸ್ತ್ರವನ್ನು ಓದಿದರೂ ಅದನ್ನು ಮಾತಿನ ಮೂಲಕವೇ ಓದಬೇಕಷ್ಟೆ! ಆದುದರಿಂದ ಈ ವಿಷಯದಲ್ಲಿ ನಾಲ್ಕು ಮಾತುಗಳನ್ನು ಹೇಳುವ ಅಧಿಕಾರವು ಭಾಷೆಯ ಉಪಾಧ್ಯಾಯನಿಗೂ ಉಂಟು.

‘ಅರ್ಥಶಾಸ್ತ್ರ’ವೆಂಬ ಹೆಸರು ಕೇಳಿದೊಡನೆ ನಮಗೆ ಕೌಟಿಲ್ಯನ ನೆನಪಾಗುತ್ತದೆ. ಆ ಗ್ರಂಥವು ಲೋಕಕ್ಕೆ ಮರಳಿ ದೊರೆತದ್ದು ನಮ್ಮ ಮೈಸೂರಿನಿಂದ. ಅಲ್ಲಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ವಿದ್ವಾನ್ ಆರ್. ಶಾಮಶಾಸ್ತ್ರಿಗಳು ಅದರ ತಾಳೆಗರಿಯ ಪ್ರತಿಯನ್ನು ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಆದರೆ ಕೌಟಿಲ್ಯನದು ಮುಖ್ಯವಾಗಿ ರಾಜ್ಯಾಡಳಿತದ ಶಾಸ್ತ್ರ. ಇಂದು ಕಾಲೇಜುಗಳಲ್ಲಿ ಬೋಧಿಸುವ ಶಾಸ್ತ್ರವು 1776ರಲ್ಲಿ ಹೊರಬಂದ ಆಡಂ ಸ್ಮಿತ್ತನ ಗ್ರಂಥದಿಂದ ರೂಪುಗೊಳ್ಳುತ್ತ ಬಂದು, 1903ರಲ್ಲಿ ಆಲ್‌ಫ್ರೆಡ್ ಮಾರ್ಷಲ್ಲರ ಪ್ರಯತ್ನದಿಂದ ಕೇಂಬ್ರಿಜ್ಜಿನಲ್ಲಿ ಪ್ರತ್ಯೇಕ ಪದವಿಯ ವಿಷಯವಾಯಿತು. ಹೆಸರು ಒಂದೇ ಆದ ಮಾತ್ರಕ್ಕೆ ಎರಡನ್ನೂ ಒಂದೆಂದು ತಿಳಿಯುವುದು ಸರಿಯಲ್ಲ.

ಇನ್ನು ಕೆಲವರು ಇದನ್ನು ಹಣ ಗಳಿಸುವ ವಿದ್ಯೆಯೆಂದು ಬಗೆಯುತ್ತಾರೆ. ಅದೂ ಸಲ್ಲದು. ಸಾಧನಗಳು ಪರಿಮಿತ, ಬಯಕೆಗಳು ಅಪರಿಮಿತ. ಹೀಗಿರುವಾಗ ಜನರೂ ಸಮಾಜವೂ ಯಾವುದನ್ನು ಆಯ್ದು ಯಾವುದನ್ನು ಬಿಡುತ್ತಾರೆ, ಅದರ ಫಲವು ಯಾರಿಗೆ ಎಷ್ಟು ದಕ್ಕುತ್ತದೆ ಎಂಬುದನ್ನು ವಿಚಾರಿಸುವುದೇ ಈ ಶಾಸ್ತ್ರದ ಕಾರ್ಯ.

ಒಂದು ಉದಾಹರಣೆಯನ್ನು ನೋಡೋಣ. ತೊಗರಿ ಬೆಳೆಯುವ ಸೀಮೆಯ ರೈತನಿಗೆ ಒಂದು ಸಂಗತಿ ಅನುಭವದಿಂದ ಗೊತ್ತು: ಬೆಳೆ ಹುಲುಸಾಗಿ ಬಂದ ವರ್ಷವೇ ಕೈಗೆ ಬರುವ ಹಣ ಕಡಿಮೆಯಾಗಬಹುದು. ಮಾರುಕಟ್ಟೆಗೆ 100 ಕ್ವಿಂಟಲ್ ಬಂದಾಗ ಕ್ವಿಂಟಲಿಗೆ 8,000 ರೂಪಾಯಿ ಇತ್ತೆಂದು ಭಾವಿಸಿದರೆ ಒಟ್ಟು ಎಂಟು ಲಕ್ಷ. ಮರುವರ್ಷ 130 ಕ್ವಿಂಟಲ್ ಬಂದು ಬೆಲೆ 5,500ಕ್ಕೆ ಇಳಿದರೆ ಒಟ್ಟು ಏಳು ಲಕ್ಷದ ಹದಿನೈದು ಸಾವಿರ ಮಾತ್ರ. ಇದಕ್ಕೆ ಕಾರಣವೇನು? ಬೇಳೆ ಅಗ್ಗವಾಯಿತೆಂದು ಯಾವ ಮನೆಯಲ್ಲಿಯೂ ಎರಡರಷ್ಟು ಸಾರು ಕುದಿಸುವುದಿಲ್ಲ. ಬೇಡಿಕೆಯು ಬೆಲೆಯ ಇಳಿತಕ್ಕೆ ತಕ್ಕಷ್ಟು ಹಿಗ್ಗುವುದಿಲ್ಲವಾದ್ದರಿಂದ ಬೆಲೆಯೇ ಕುಸಿಯಬೇಕಾಗುತ್ತದೆ. ಹಾಗೆಂದು ಒಬ್ಬ ರೈತನು ತಾನೊಬ್ಬನೇ ಕಡಿಮೆ ಬಿತ್ತಿದರೆ ಬೆಲೆ ಏರದು. ಅವನ ಪಾಲು ಸಮುದ್ರದಲ್ಲಿ ಹನಿಯಷ್ಟು. ಬೆಂಬಲ ಬೆಲೆ, ದಾಸ್ತಾನು, ಆಮದಿನ ನೀತಿಗಳ ಚರ್ಚೆಯೆಲ್ಲ ಹುಟ್ಟುವುದು ಇಲ್ಲಿಂದಲೇ. ರೈತನು ಉಂಡ ನೋವಿಗೆ ರೈತನ ಮಗಳು ಕಾರಣವನ್ನು ಹೇಳಬಲ್ಲವಳಾದರೆ ಅದು ವಿದ್ಯೆಯಲ್ಲವೆ?

ಅಲಂಕಾರಶಾಸ್ತ್ರದಲ್ಲಿ ವಿರೋಧಾಭಾಸವೆಂಬುದೊಂದುಂಟು, ಮೇಲುನೋಟಕ್ಕೆ ವಿರೋಧ, ವಿಚಾರಿಸಿದರೆ ಸಮನ್ವಯ. ಅರ್ಥಶಾಸ್ತ್ರದಲ್ಲಿ ಇಂಥವು ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದು ಮನೆಗೆ ಹಿತವಚನ. ಆದರೆ ಮುಗ್ಗಟ್ಟಿನ ಕಾಲದಲ್ಲಿ ಎಲ್ಲರೂ ಒಮ್ಮೆಲೇ ಕೈ ಬಿಗಿಹಿಡಿದರೆ ಅಂಗಡಿಯ ಸರಕು ಉಳಿಯುತ್ತದೆ, ಕೆಲಸಗಾರನು ಕೆಲಸ ಕಳೆದುಕೊಳ್ಳುತ್ತಾನೆ, ಕಡೆಗೆ ಉಳಿತಾಯವೂ ಉಳಿಯುವುದಿಲ್ಲ. 1936ರಲ್ಲಿ ಹೊರಬಂದ ಕೇನ್ಸರ ಗ್ರಂಥವು ಈ ಬಗೆಯ ವಿಚಾರಕ್ಕೆ ದೊಡ್ಡ ಬೆಂಬಲವನ್ನಿತ್ತಿತು. ಒಬ್ಬನಿಗೆ ಒಪ್ಪುವುದು ಎಲ್ಲರಿಗೂ ಒಪ್ಪಲೇಬೇಕೆಂದಿಲ್ಲ ಎಂಬ ವಿವೇಕವು ಮತದಾರನಿಗೆ ಅತ್ಯಾವಶ್ಯಕ.

ಈ ವಿದ್ಯೆಯು ದುರ್ಬಲರ ಕೈಗೆ ಬಂದಾಗ ಏನಾಗಬಲ್ಲದೆಂಬುದಕ್ಕೆ ಡಾ. ಅಂಬೇಡ್ಕರರೇ ನಿದರ್ಶನ. 1918ರ ತಮ್ಮ ಪ್ರಬಂಧದಲ್ಲಿ ಅವರು, ಹಿಡುವಳಿ ಚಿಕ್ಕದಾದುದೇ ರೋಗವಲ್ಲ, ಬೇರೆ ಉದ್ಯೋಗವಿಲ್ಲದೆ ಜನರೆಲ್ಲ ಭೂಮಿಯನ್ನೇ ನೆಚ್ಚಿರುವುದು ರೋಗವೆಂದು ವಾದಿಸಿದರು. 1923ರಲ್ಲಿ ರೂಪಾಯಿಯ ಸಮಸ್ಯೆಯನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ನಮ್ಮ ನಾಡಿನವರೇ ಆದ ಅರ್ಥಶಾಸ್ತ್ರಜ್ಞ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಕರ್ನಾಟಕದ 175 ತಾಲ್ಲೂಕುಗಳನ್ನು ಅಳೆದು ನೋಡಿ 114 ಹಿಂದುಳಿದವೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ತೋರಿಸಿತು. ‘ನಮ್ಮ ಸೀಮೆ ಹಿಂದುಳಿದಿದೆ’ ಎಂಬ ಗೊಣಗಾಟವು ಅಂಕಿಗಳ ಬಲದಿಂದ ಹಕ್ಕಿನ ಮಾತಾದ ಬಗೆ ಇದು.

ಆದರೆ ಕೇವಲ ಪ್ರಶಂಸೆಯನ್ನು ಮಾಡಿ ಕೈತೊಳೆದುಕೊಂಡರೆ ವಿದ್ಯಾರ್ಥಿಗಳಿಗೆ ವಂಚನೆ ಮಾಡಿದಂತಾದೀತು. ಬರಿಯ ಪದವಿಪತ್ರದಿಂದ ಉದ್ಯೋಗವು ಒಲಿದು ಬಾರದು. 1961ರಲ್ಲಿ ರಚಿತವಾದ ಭಾರತೀಯ ಆರ್ಥಿಕ ಸೇವೆಗೆ ಸ್ನಾತಕೋತ್ತರ ಪದವಿಯೇ ಬೇಕು. ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್ ತರಗತಿಯನ್ನು ಸೇರಲು ಹನ್ನೆರಡನೆಯ ತರಗತಿಯ ಗಣಿತವನ್ನು ಓದಿರಬೇಕು. ನಮ್ಮಲ್ಲಿಯಾದರೋ ಗಣಿತಕ್ಕೆ ಹೆದರಿದವರನ್ನೇ ಅರ್ಥಶಾಸ್ತ್ರಕ್ಕೆ ಕಳುಹಿಸುತ್ತೇವೆ! ಹೀಗೆ ಹದಿನಾರನೆಯ ವಯಸ್ಸಿನಲ್ಲಿ ತಿಳಿಯದೆ ಮಾಡಿದ ಆಯ್ಕೆಯಿಂದ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಬಾಗಿಲು ಮುಚ್ಚಿಹೋಗುತ್ತದೆ. ಒಂದನ್ನು ಆಯ್ದಾಗ ಕೈಬಿಟ್ಟುಹೋದ ಉತ್ತಮ ಪರ್ಯಾಯವನ್ನು ಈ ಶಾಸ್ತ್ರವೇ ‘ಅವಕಾಶ ವೆಚ್ಚ’ವೆಂದು ಕರೆಯುತ್ತದೆ. ಆ ವೆಚ್ಚವನ್ನು ಮಗುವಿಗೆ ಮೊದಲೇ ತಿಳಿಸತಕ್ಕದ್ದು ಹಿರಿಯರ ಧರ್ಮ.

ಭಾಷೆಯ ಮಾತೊಂದು ಉಳಿದಿದೆ. ‘ಸೀಮಾಂತ ತುಷ್ಟಿಗುಣ’ವೆಂಬ ಪದವನ್ನು ನಮ್ಮ ವಿದ್ಯಾರ್ಥಿಗಳು ಗೈಡುಗಳಿಂದ ಬಾಯಿಪಾಠ ಮಾಡುತ್ತಾರೆ. ಸೀಮೆಯ ಅಂತ್ಯದಲ್ಲಿರುವುದು ಸೀಮಾಂತ, ತೃಪ್ತಿಪಡಿಸುವ ಗುಣವೇ ತುಷ್ಟಿಗುಣವೆಂದು ಬಿಡಿಸಿ, ಹಸಿದವನಿಗೆ ಮೊದಲ ರೊಟ್ಟಿಯೂ ಐದನೆಯ ರೊಟ್ಟಿಯೂ ಒಂದೇ ಅಲ್ಲವೆಂದು ಹೇಳಿದರೆ ಗೈಡಿನ ಹಂಗೇ ಬೇಡ. ಕನ್ನಡದಲ್ಲಿ ಓದಿದವನಿಗೆ ಅರ್ಥಶಾಸ್ತ್ರವು ಹತ್ತದೆಂಬುದು ಸುಳ್ಳು. ಅರ್ಥವಾಗದೆ ಓದಿದವನಿಗೆ ಹತ್ತದೆಂಬುದೇ ನಿಜ. ಮೇಲಿನ ವ್ಯಾಸಂಗಕ್ಕೆ ಇಂಗ್ಲಿಷು ಬೇಕು, ನಿಜ. ತಿಳಿವಳಿಕೆಯು ತಾಯ್ನುಡಿಯಲ್ಲಿ ಬೇರೂರಿದ ಮೇಲೆ ಅದು ಎಟುಕದ ವಸ್ತುವಲ್ಲ.

ಆದುದರಿಂದ ಗ್ರಾಮೀಣ ವಿದ್ಯಾಸಂಸ್ಥೆಗಳು ಅರ್ಥಶಾಸ್ತ್ರದ ಜೊತೆಗೆ ಗಣಿತವನ್ನೋ ಸಂಖ್ಯಾಶಾಸ್ತ್ರವನ್ನೋ ಓದಲು ಅನುಕೂಲವನ್ನು ಕಲ್ಪಿಸಲಿ. ಅಧ್ಯಾಪಕರು ವಿದ್ಯಾರ್ಥಿಗಳನ್ನು ಸಂತೆಗೆ, ಸಹಕಾರಿ ಸಂಘಕ್ಕೆ, ಪಂಚಾಯಿತಿಯ ಲೆಕ್ಕಪತ್ರದ ಬಳಿಗೆ ಕರೆದೊಯ್ಯಲಿ. ತಂದೆತಾಯಿಗಳು ಈ ವಿಷಯವನ್ನು ಉಳಿಕೆಯೆಂದು ಎಣಿಸದಿರಲಿ. ಬಡತನವನ್ನು ಕಂಡು ಬೆಳೆದ ಮಕ್ಕಳೇ ಬಡತನದ ಶಾಸ್ತ್ರವನ್ನು ಚೆನ್ನಾಗಿ ಓದಬೇಕು. ಇಲ್ಲವಾದರೆ ಅವರ ಲೆಕ್ಕವನ್ನು ಬೇರೆಯವರು ಬರೆಯುತ್ತಾರೆ. ಇವರು ಹೆಬ್ಬೆಟ್ಟನ್ನೊತ್ತದೆ ಸಹಿ ಹಾಕಬಹುದು, ಅಷ್ಟೇ ವ್ಯತ್ಯಾಸ.