ಅಂಕೆಗಳನ್ನು ನೋಡಿ ಬೇಸ್ ಗಿಟಾರು ಕಲಿಯುವ ವಿಷಯ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಅವರ ತಾಯಿತಂದೆಗಳಲ್ಲಿಯೂ ಈಚೆಗೆ ಒಂದು ಚರ್ಚೆಯು ಹುಟ್ಟಿರುವದು. ಸ್ವರಜ್ಞಾನವಿಲ್ಲದ, ಗುರುವಿನ ಮುಂದೆ ಒಂದು ದಿನವೂ ಕೂತಿಲ್ಲದ ಹುಡುಗಿಯು ಮೊಬೈಲಿನಲ್ಲಿ ಕೆಲವು ಗೆರೆಗಳನ್ನೂ ಅಂಕೆಗಳನ್ನೂ ನೋಡುತ್ತ ಇಂಗ್ಲಿಷ್ ರಾಕ್ ಹಾಡುಗಳನ್ನು ಬೇಸ್ ಗಿಟಾರಿನ ಮೇಲೆ ಬಾರಿಸತೊಡಗಿದರೆ ಅದನ್ನು ವಿದ್ಯೆಯೆಂದು ಕರೆಯಬಹುದೇ ಎಂಬದೇ ಆ ಚರ್ಚೆ. ಕರೆಯಬಹುದೆಂಬದೇ ನಮ್ಮ ಅಭಿಪ್ರಾಯ. ಆದರೆ ಅದು ಅರ್ಧ ವಿದ್ಯೆ; ಉಳಿದರ್ಧವು ಎಲ್ಲಿಂದ ಬರತಕ್ಕದ್ದೆಂದು ಹೇಳದೆ ಬಿಡುವದು ನ್ಯಾಯವಲ್ಲ.

ಮೊದಲು ಆ ಲಿಪಿಯ ಸ್ವರೂಪವನ್ನು ನೋಡೋಣ. ಟ್ಯಾಬ್ಲೇಚರ್ ಎಂಬ ಈ ಬರಹದಲ್ಲಿ ನಾಲ್ಕು ಗೆರೆಗಳುಂಟು. ಅವು ಬೇಸ್ ಗಿಟಾರಿನ ನಾಲ್ಕು ತಂತಿಗಳು. ಕೆಳಗಿನ ಗೆರೆಯು ಅತಿ ದಪ್ಪ ತಂತಿ, ಮೇಲಿನದು ಅತಿ ತೆಳು ತಂತಿ. ವಾದ್ಯವನ್ನು ಹಿಡಿದಾಗಲಾದರೋ ದಪ್ಪ ತಂತಿಯೇ ಮುಖದ ಕಡೆಗೆ ಮೇಲಿರುವದರಿಂದ ಮೊದಲ ವಾರದಲ್ಲಿ ಎಲ್ಲರಿಗೂ ಪುಟವು ತಲೆಕೆಳಗಾದಂತೆ ತೋರುವದು. ಗೆರೆಯ ಮೇಲಿನ ಅಂಕೆಯು ಬೆರಳಿಡತಕ್ಕ ಮನೆಯನ್ನು ತಿಳಿಸುವದು. ಸೊನ್ನೆಯೆಂದರೆ ಬಿಟ್ಟ ತಂತಿ. ಒಂದೊಂದು ಮನೆಗೆ ಅರ್ಧ ಸ್ವರದಂತೆ ಏರಿ 12ನೆಯ ಮನೆಯಲ್ಲಿ ತಾರ ಷಡ್ಜವು ಸಿಕ್ಕುವದು. ಬಿಟ್ಟ ತಂತಿಯನ್ನು ಷಡ್ಜವೆಂದು ಹಿಡಿದರೆ 2, 4, 5, 7, 9, 11 ಇವು ಕ್ರಮವಾಗಿ ಶುದ್ಧವಾದ ರಿ ಗ ಮ ಪ ಧ ನಿ. ನಮ್ಮ ಕಲಬುರಗಿ ಸೀಮೆಯ ಯಾವ ಹಾರ್ಮೋನಿಯಮ್ ಮಾಸ್ತರರೂ ಇದನ್ನು ಐದು ನಿಮಿಷದಲ್ಲಿ ಗ್ರಹಿಸಿಯಾರು.

ಇದು ನಿನ್ನೆಯ ಹುಡುಗರು ಕಟ್ಟಿದ ಸೋಮಾರಿಗಳ ಉಪಾಯವೆಂಬ ಆಕ್ಷೇಪಣೆಗೆ ಆಧಾರವಿಲ್ಲ. 1507ರಲ್ಲಿ ವೆನಿಸ್ ಪಟ್ಟಣದಲ್ಲಿ ಪೆತ್ರುಚ್ಚಿ ಎಂಬ ಮುದ್ರಕನು ಲ್ಯೂಟ್ ವಾದ್ಯದ ಟ್ಯಾಬ್ಲೇಚರ್ ಪುಸ್ತಕವನ್ನು ಅಚ್ಚು ಹಾಕಿದನು. ಬೇಸ್ ಗಿಟಾರಾದರೋ ಲಿಯೋ ಫೆಂಡರನ ಕಾರ್ಖಾನೆಯಿಂದ 1951ರಲ್ಲಿ ಪೇಟೆಗೆ ಬಂದು ಪ್ರಸಿದ್ಧಿಗೆ ಏರಿತು. ಲಿಪಿಯು ವಾದ್ಯಕ್ಕಿಂತ ನಾಲ್ಕು ಶತಮಾನ ಹಿರಿಯದು. ಸಾಮಾನ್ಯರಿಗೆ ಸಂಗೀತವನ್ನು ಸುಲಭಗೊಳಿಸುವ ಯತ್ನವನ್ನು ಶಾಲೆಗಳು ಎಂದೂ ಹಳಿದಿಲ್ಲ. ನಾರಿಚ್ ಊರಿನ ಸಾರಾ ಗ್ಲೋವರ್ ಎಂಬ ಉಪಾಧ್ಯಾಯಿನಿಯು ಮಕ್ಕಳಿಗಾಗಿ ಕಲ್ಪಿಸಿ, ಜಾನ್ ಕರ್ವೆನ್ ಪಾದ್ರಿಯವರು ತಿದ್ದಿ ಹಬ್ಬಿಸಿದ ಟಾನಿಕ್ ಸಾಲ್ಫಾ ಪದ್ಧತಿಯಿಂದಲೇ ಅನೇಕ ಮಿಷನ್ ಶಾಲೆಗಳ ಮಕ್ಕಳು ನಾಲ್ಕು ಧ್ವನಿಗಳಲ್ಲಿ ಹಾಡಲು ಕಲಿತರು. ಪಂಡಿತ ಭಾತಖಂಡೆಯವರು (1860–1936) ಘರಾಣೆಗಳ ಬಾಯಲ್ಲಿ ಮಾತ್ರವೇ ಇದ್ದ ಚೀಜುಗಳನ್ನು ಬರಹಕ್ಕಿಳಿಸಿದಾಗಲೂ ಬರಹದಿಂದ ಸಂಗೀತವು ಕೆಡುವದೆಂದವರುಂಟು.

ಆದರೆ ಇಲ್ಲೊಂದು ಭೇದವಿದೆ, ಮುಖ್ಯವಾದದ್ದೂ ಇದೇ. ಭಾತಖಂಡೆಯವರ ಬರಹದಲ್ಲಿ ಸ್ವರದ ಕೆಳಗೆ ತಾಳದ ಗುರುತಿದೆ. ಹಳೆಯ ಲ್ಯೂಟ್ ಪುಸ್ತಕಗಳಲ್ಲಿಯೂ ಅಂಕೆಗಳ ಮೇಲೆ ಕಾಲದ ಚಿಹ್ನೆಗಳಿದ್ದವು. ಇಂದು ಪುಕ್ಕಟೆಯಾಗಿ ಸಿಕ್ಕುವ ಬಹಳಷ್ಟು ಟ್ಯಾಬ್‌ಗಳಲ್ಲಿ ಅವು ಇಲ್ಲ. ಎಲ್ಲಿ ಬೆರಳಿಡಬೇಕೆಂಬದುಂಟು, ಎಷ್ಟು ಹೊತ್ತು ನಿಲ್ಲಬೇಕೆಂಬದಿಲ್ಲ. ಐರ್ಲೆಂಡಿನ ಯೂಟೂ ಮೇಳವು 1987ರಲ್ಲಿ ಹೊರಡಿಸಿದ 'ವಿತ್ ಆರ್ ವಿದೌಟ್ ಯೂ' ಎಂಬ ಹಾಡನ್ನು ನೋಡಿರಿ. ಆ್ಯಡಂ ಕ್ಲೇಟನ್ ಅದರಲ್ಲಿ ನಾಲ್ಕೇ ಸ್ವರಗಳನ್ನು, ನಮ್ಮ ಮಾತಿನಲ್ಲಿ ಸ ಪ ಧ ಮ ಎಂದು, ಹಾಡಿನ ಉದ್ದಕ್ಕೂ ತಿರುತಿರುಗಿ ನುಡಿಸುತ್ತಾರೆ. ಕಾಗದದ ಮೇಲೆ ಅದು ಒಂದೇ ಅಂಕೆಯ ಸಾಲು. ಹತ್ತು ನಿಮಿಷದಲ್ಲಿ ಬೆರಳಿಗೆ ಬರುವದು. ನಡೆಯು ಕುಗ್ಗದೆ ಹಿಗ್ಗದೆ ಐದು ನಿಮಿಷ ನುಡಿಸುವದಕ್ಕೆ ತಿಂಗಳುಗಳು ಬೇಕು. ಬೇಸಿನ ಕೆಲಸವೆಲ್ಲ ಇಷ್ಟೇ. ಅದು ತಪ್ಪಿದರೆ ಉಳಿದವರೆಲ್ಲ ತಪ್ಪುವರು, ಸರಿಯಾಗಿದ್ದರೆ ಯಾರೂ ಗಮನಿಸಲಾರರು. (ನಮ್ಮ ಮನೆಗಳ ಗೃಹಿಣಿಯರಿಗೆ ಈ ಸ್ಥಿತಿಯು ಅಪರಿಚಿತವಲ್ಲ.)

ಆದುದರಿಂದ ಉಳಿದರ್ಧ ವಿದ್ಯೆಯು ಕಿವಿಯದು. ಹಾಡನ್ನು ಕೈಯಿಂದ ತಾಳ ಹಾಕುತ್ತ ಅನೇಕ ಸಲ ಕೇಳಿದ ಬಳಿಕವೇ ಅಂಕೆಗಳನ್ನು ನೋಡತಕ್ಕದ್ದು. ಅನೇಕರು ಬರೆದು ಹಾಕಿದ ಟ್ಯಾಬ್‌ಗಳಲ್ಲಿ ತಪ್ಪುಗಳೂ ಹೇರಳ. ಕಿವಿಯಿಲ್ಲದವಳು ಅವನ್ನು ವೇದವಾಕ್ಯವೆಂದು ನಂಬುವಳು. ಬೇಸಿನ ದಪ್ಪ ತಂತಿಯು ಸೆಕೆಂಡಿಗೆ ಸುಮಾರು 41 ಸಲ ಮಾತ್ರ ಕಂಪಿಸುವದು. ಇಷ್ಟು ಮಂದ್ರವಾದ ನಾದವನ್ನು ಮೊಬೈಲಿನ ಸಣ್ಣ ಸ್ಪೀಕರು ಹೊರಡಿಸಲಾರದು. ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳದೆ ಬೇಸ್ ಕಲಿಯುವದೆಂದರೆ ಕತ್ತಲೆಯಲ್ಲಿ ಕಸೂತಿ ಹಾಕಿದಂತೆ.

ಹೆಣ್ಣುಮಕ್ಕಳಿಗೆ ಇದು ತಕ್ಕದ್ದಲ್ಲವೆನ್ನುವವರಿಗೆ ಉತ್ತರವು ಚಿಕ್ಕದು. 1935ರಲ್ಲಿ ಹುಟ್ಟಿದ ಕೆರೋಲ್ ಕೇ ಎಂಬ ಅಮೇರಿಕದ ಮಹಿಳೆಯು 1960ರ ದಶಕದಲ್ಲಿ ಲಾಸ್ ಏಂಜಲೀಸಿನ ಅಸಂಖ್ಯ ಧ್ವನಿಮುದ್ರಣಗಳಿಗೆ ಬೇಸ್ ನುಡಿಸಿ, 1969ರಲ್ಲಿ ಕಲಿಯುವವರಿಗಾಗಿ ಪುಸ್ತಕವನ್ನೂ ಬರೆದಳು. ನಮ್ಮ ಮುಂಬಯಿಯ ಮೋಹಿನಿ ಡೇ ಇಂದು ಲೋಕವೆಲ್ಲ ಬಲ್ಲ ಬೇಸ್ ವಾದಕಿ. ಆದರೆ ಆಕೆಗೆ ತಂದೆಯೇ ಬೇಸ್ ವಾದಕರು. ವಾಡಿಯ ಹುಡುಗಿಗೆ ಆ ಭಾಗ್ಯವೆಲ್ಲಿ? 1874ರಲ್ಲಿ ಸಿಕಂದರಾಬಾದಿನ ದಾರಿಯು ಬಂದು ಕೂಡಿದಂದಿನಿಂದ ಮುಂಬಯಿಗೂ ಮದ್ರಾಸಿಗೂ ಹೈದರಾಬಾದಿಗೂ ಗಾಡಿ ಸಿಕ್ಕುವ ಜಂಕ್ಷನ್ ನಮ್ಮದು; ಸಿಮೆಂಟೂ ಶಹಾಬಾದಿನ ಕಲ್ಲೂ ಇಲ್ಲಿಂದ ದೇಶಕ್ಕೆಲ್ಲ ಹೋಗುವವು. ಸಂಗೀತದ ಗುರುಗಳು ಮಾತ್ರ ಇಲ್ಲಿ ಇಳಿಯುವದು ಅಪರೂಪ. ಊರು ಬಿಟ್ಟು ಹೋಗಲಾಗದ ಹುಡುಗಿಗೆ ಆ ನಾಲ್ಕು ಗೆರೆಗಳೇ ಬಾಗಿಲು. ಅದನ್ನು ಕೀಳೆಂದು ಮುಚ್ಚಿದರೆ ಬೇರೆ ಬಾಗಿಲನ್ನು ತೋರಿಸುವ ಹೊಣೆಯು ಮುಚ್ಚಿದವರದು.

ಕೊಳ್ಳಲು ಮನಸ್ಸು ಮಾಡಿದ ತಾಯಿತಂದೆಗಳು ಒಂದನ್ನು ನೆನಪಿಡಬೇಕು. ಸಾಮಾನ್ಯ ಬೇಸಿನ ತಂತಿಯು 34 ಅಂಗುಲ, ವಾದ್ಯದ ತೂಕವು ಸುಮಾರು 4 ಕಿಲೋ. 30 ಅಂಗುಲದ ಗಿಡ್ಡ ಜಾತಿಯೂ ಉಂಟು. ಚಿಕ್ಕ ಕೈಗಳಿಗೆ ಅದೇ ಮೇಲು. ಶಾಲೆಯವರಾದರೋ ಶನಿವಾರ ಒಂದು ಗಂಟೆ ಸಂಗೀತದ ಕೋಣೆಯನ್ನು ತೆರೆದಿಟ್ಟು, ತಬಲಾ ಬಲ್ಲವರೊಬ್ಬರನ್ನು ಅಲ್ಲಿ ಕೂರಿಸಿದರೆ ಸಾಕು. ಅಂಕೆಗಳನ್ನು ಹುಡುಗಿಯರೇ ತರುವರು, ಠೇಕಾ ಒಂದನ್ನು ಅವರಿಗೆ ಕೊಡಿಸಿರಿ.