ಹಿಮದ ಹಾದಿಯಲ್ಲಿ ಎಚ್ಚರ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ನಮ್ಮ ಹಿರಿಯರ ಮಾತು ಹಿಮಾಲಯಕ್ಕೆ ಒಪ್ಪುವಷ್ಟು ಬೇರಾವ ಬೆಟ್ಟಕ್ಕೂ ಒಪ್ಪಲಾರದು. ಈಚಿನ ವರ್ಷಗಳಲ್ಲಿ ನಮ್ಮ ಗಡಿನಾಡಿನ ಮನೆಗಳ ತರುಣ ತರುಣಿಯರೂ ಚಳಿಗಾಲದ ರಜೆಯಲ್ಲಿ ಉತ್ತರಾಖಂಡ, ಹಿಮಾಚಲ ಪ್ರದೇಶಗಳಿಗೆ ಚಾರಣಕ್ಕೆಂದು ಹೊರಡುತ್ತಿದ್ದಾರೆ. ಸಂತೋಷವೇ. ಆದರೆ ಮಳೆಗಾಲದಲ್ಲಿ ಗುಡ್ಡ ಜರಿಯುವುದನ್ನು ಕಂಡು ಬಲ್ಲ ನಮಗೆ, ಹಿಮವೂ ಜರಿಯುತ್ತದೆಂಬುದು ಕೇಳಿದ ಸಂಗತಿಯೇ ಹೊರತು ಕಂಡದ್ದಲ್ಲ. ಆದುದರಿಂದ ಈ ತಿಂಗಳು ಆ ವಿಷಯವನ್ನೇ ವಿಚಾರಿಸೋಣ.

ಹಿಮಕುಸಿತವೆಂದೊಡನೆ ಕನ್ನಡಿಗರಿಗೆ ನೆನಪಾಗುವ ಹೆಸರು ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯೊಂದರ ಮೇಲೆ ಹಿಮರಾಶಿ ಉರುಳಿ, ಮದರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಆರನೆಯ ದಿನ ಹನುಮಂತಪ್ಪನವರೊಬ್ಬರು ಜೀವಂತವಾಗಿ ದೊರೆತರು; ಫೆಬ್ರವರಿ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ಅವರ ಜೀವಶಕ್ತಿಗೆ ಕೈಮುಗಿಯಬೇಕು. ಆದರೆ ಹಿಮದಡಿಯಲ್ಲಿ ಮನುಷ್ಯ ದಿನಗಟ್ಟಲೆ ಬದುಕಬಲ್ಲನೆಂದು ಇದರಿಂದ ಯಾರೂ ಭಾವಿಸಬಾರದು. ಅದು ಅಪರೂಪದಲ್ಲಿ ಅಪರೂಪ. ಸಾಮಾನ್ಯನಿಗೆ ದೊರೆಯುವುದು ಕೆಲವೇ ನಿಮಿಷಗಳು. ಸ್ವಿಟ್ಸರ್ಲೆಂಡಿನ ದಾಖಲೆಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದಂತೆ, ಪೂರ್ತಿ ಹೂತವರನ್ನು 10 ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಉಳಿಯುತ್ತಾರೆ. ಅರ್ಧ ಗಂಟೆ ಕಳೆದರೆ ಉಳಿಯುವವರು ಮೂವರು. ಜಾರಿ ನಿಂತ ಹಿಮ ಗಾರೆಯಂತೆ ಗಟ್ಟಿಯಾಗಿ, ಬೆರಳನ್ನೂ ಅಲುಗಿಸಗೊಡದು. ಸಾವು ಬಹುಮಟ್ಟಿಗೆ ಉಸಿರುಗಟ್ಟಿ ಬರುತ್ತದೆ.

ಹಿಮ ಜರಿಯುವುದೇಕೆ? ಚಳಿಗಾಲದುದ್ದಕ್ಕೂ ಅದು ಪದರಪದರವಾಗಿ ಬೀಳುತ್ತದೆ. ಕೆಲವು ಪದರಗಳು ಹಲಗೆಯಂತೆ ಬಿಗಿಯಾಗುತ್ತವೆ. ಕೆಲವು ದಪ್ಪ ರವೆಯಂತೆ ಒಂದಕ್ಕೊಂದು ಅಂಟದೆ ಉಳಿಯುತ್ತವೆ. ಬಿಗಿಯಾದ ಪದರದ ಅಡಿಯಲ್ಲಿ ಇಂಥ ರವೆ ಅಡಗಿದ್ದರೆ, ಮೇಲೆ ನಡೆಯುವವನ ಭಾರವೇ ಸಾಕು; ಅಡಿಯ ಪದರ ಕುಸಿದು, ಮೇಲಿನ ಹಲಗೆ ಸೀಳಿ, ಇಡೀ ಇಳಿಜಾರು ಒಮ್ಮೆಲೆ ಹೊರಡುತ್ತದೆ. ಇಂಥ ಅಪಘಾತಗಳಲ್ಲಿ ಸುಮಾರು ಹತ್ತಕ್ಕೆ ಒಂಬತ್ತರಲ್ಲಿ ಹಿಮವನ್ನು ಕದಲಿಸಿದವರು ಸಿಕ್ಕಿಬಿದ್ದವರೇ, ಇಲ್ಲವೆ ಅವರ ಸಂಗಡಿಗರೇ. ಗಡಿ ಕಾಯುವ ಯೋಧನಿಗೆ ತಾನಿರುವ ಎಡೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಚಾರಣಿಗನಿಗೆ ಅದುಂಟು. ಅವನ ರಕ್ಷಣೆಯ ಮುಖ್ಯ ಭಾಗ ಆ ಆಯ್ಕೆಯಲ್ಲಿಯೇ ಇದೆ.

ಮೊದಲು ನೋಡಬೇಕಾದುದು ಇಳಿಜಾರು. 30ರಿಂದ 45 ಡಿಗ್ರಿಯ ಓರೆಯೇ ಹೆಚ್ಚು ಅಪಾಯದ್ದು. ಅದಕ್ಕಿಂತ ಸಪಾಟಾದಲ್ಲಿ ಹಿಮ ಸುಲಭವಾಗಿ ಜಾರದು. ಅದಕ್ಕಿಂತ ಕಡಿದಾದಲ್ಲಿ ಹೆಚ್ಚು ನಿಲ್ಲದು. ಆದರೆ ತಾನು ನಿಂತ ನೆಲ ಸಮವಾಗಿದ್ದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. ತಲೆಯ ಮೇಲಣ ಓರೆಯನ್ನೂ ನೋಡಬೇಕು. ಎರಡನೆಯದು ಹವೆ. ಹೊಸ ಹಿಮ ಬಹಳವಾಗಿ ಬಿದ್ದ ಮರುದಿನ, ಬಿರುಗಾಳಿ ಹಿಮವನ್ನು ಒಂದೆಡೆ ಒಟ್ಟಿದಾಗ, ಬಿಸಿಲೇರಿ ಹಿಮ ತೊಯ್ದಾಗ ಬಿಡಾರದಲ್ಲೇ ಉಳಿಯುವುದು ಜಾಣತನ. ಮೂರನೆಯದು ಹಿಮ ತಾನೇ ನೀಡುವ ಸೂಚನೆ: ಆಸುಪಾಸಿನಲ್ಲಿ ಆಗಲೇ ಜರಿದ ಗುರುತು, ಕಾಲಿಟ್ಟಲ್ಲಿಂದ ಓಡುವ ಬಿರುಕು, ಅಡಿಯಿಂದ ಕೇಳುವ ಧೊಪ್ಪೆಂಬ ಸದ್ದು. ಇವುಗಳಲ್ಲಿ ಒಂದನ್ನು ಕಂಡರೂ ಹಿಂದಿರುಗಬೇಕು. ಅನಿವಾರ್ಯವಾಗಿ ಓರೆಯನ್ನು ದಾಟಬೇಕಾದರೆ ಒಬ್ಬೊಬ್ಬರಾಗಿ ದಾಟಬೇಕು. ಉಳಿದವರು ಸುರಕ್ಷಿತ ಎಡೆಯಲ್ಲಿ ನಿಂತು ಅವನ ಮೇಲೆ ಕಣ್ಣಿಟ್ಟಿರಬೇಕು.

ಅನುಭವಸ್ಥರಿಗೆ ಇದೆಲ್ಲ ಏಕೆ ಎನ್ನುವವರುಂಟು. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ಡಾಂಡಾ ಶಿಖರದಲ್ಲಿ ಹಿಮ ಜರಿದು 29 ಮಂದಿ ಅಸುನೀಗಿದರು. ಅವರು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ಶಿಕ್ಷಾರ್ಥಿಗಳು ಮತ್ತು ಶಿಕ್ಷಕರು. ಅದೇ ವರ್ಷ ಎವರೆಸ್ಟ್ ಏರಿ ಬಂದಿದ್ದ ಶಿಕ್ಷಕಿ ಸವಿತಾ ಕನ್ಸ್ವಾಲ್ ಅವರಲ್ಲೊಬ್ಬರು. ಹಿಮ ಯಾರ ಅನುಭವವನ್ನೂ ಕೇಳಿ ಜರಿಯುವುದಿಲ್ಲ.

ಮಕ್ಕಳು ಹೊರಟು ನಿಂತಾಗ ಮನೆಯ ಹಿರಿಯರು ಉಣ್ಣೆಯ ಅಂಗಿ, ಬುತ್ತಿಗಳ ವಿಚಾರ ತಪ್ಪದೆ ಕೇಳುತ್ತಾರೆ. ಜೊತೆಗೆ ಇನ್ನು ನಾಲ್ಕು ಮಾತು ಕೇಳಲಿ. ಹೋಗುವ ದಾರಿ ಹಿಮ ಜರಿಯುವ ಓರೆಗಳ ಕೆಳಗೆ ಹಾಯುವುದೇ? ಚಂಡೀಗಢದಲ್ಲಿರುವ ರಕ್ಷಣಾ ಇಲಾಖೆಯ ಹಿಮ ಸಂಶೋಧನಾ ಕೇಂದ್ರ ಹೊರಡಿಸುವ ಮುನ್ಸೂಚನೆಯನ್ನು ದಿನವೂ ನೋಡುವವರು ತಂಡದಲ್ಲಿ ಇದ್ದಾರೆಯೇ? ಪ್ರತಿಯೊಬ್ಬರ ಬಳಿಯೂ ಹೂತವರ ಎಡೆಯನ್ನು ತಿಳಿಸುವ ರೇಡಿಯೋ ಯಂತ್ರ, ಹಿಮವನ್ನು ಚುಚ್ಚಿ ಹುಡುಕುವ ಉದ್ದನೆಯ ಕೋಲು, ಸಲಿಕೆ ಈ ಮೂರೂ ಇವೆಯೇ? ಅವುಗಳ ಬಳಕೆಯನ್ನು ಅಭ್ಯಾಸ ಮಾಡಿದ್ದಾರೆಯೇ? ಹೊರಗಿನಿಂದ ನೆರವು ಬರಲು ಗಂಟೆಗಳು ಹಿಡಿಯುತ್ತವೆ. ಆ ಹತ್ತು ನಿಮಿಷಗಳಲ್ಲಿ ಉಳಿಸಬಲ್ಲವರು ಪಕ್ಕದಲ್ಲಿ ನಡೆಯುತ್ತಿದ್ದವರು ಮಾತ್ರ.

ಕೊನೆಯದಾಗಿ ಮನೆಯವರು ಹೇಳಿ ಕಳುಹಿಸಬೇಕಾದ ಮಾತೊಂದಿದೆ. ಖರ್ಚು ಮಾಡಿದ್ದೇವೆ, ಇಷ್ಟು ದೂರ ಬಂದಿದ್ದೇವೆ, ಜೊತೆಯವರು ನಕ್ಕಾರು ಎಂಬ ಸಂಕೋಚವೇ ಎಷ್ಟೋ ತಂಡಗಳನ್ನು ಮುಂದಕ್ಕೆ ದೂಡುತ್ತದೆ. ಶಿಖರ ಕಾಣದೆ ಅರ್ಧದಿಂದ ತಿರುಗಿ ಬಂದರೂ ಈ ಮನೆಯಲ್ಲಿ ಯಾರೂ ನಗುವುದಿಲ್ಲವೆಂಬ ಭರವಸೆಯನ್ನು ಅವರಿಗೆ ಕೊಟ್ಟು ಕಳುಹಿಸೋಣ.